ಬೆಳಕಿಗೆ ಬೇಕಾದ ಕಪ್ಪು

ನನ್ನ ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು. ಅವಳನ್ನು ನೆನೆದರೆ ಮೊದಲು ಕಾಣುವುದು ಗದ್ದದ ಮೇಲಿಟ್ಟುಕೊಂಡ ಬಲಗೈ. ಗದ್ದದಡಿ ಅವಳಿಗೆ ಒರಟು ಕಪ್ಪು ಕೂದಲು ಬರುತ್ತಿದ್ದವು. ದಿನಾ ಬೆಳಿಗ್ಗೆ ಬಚ್ಚಲ ಬಾಗಿಲು ಹಾಕಿಕೊಂಡು ಚಿಮುಟದಿಂದ ಕೀಳುತ್ತಿದ್ದಳು. ಮದುವೆಯಾಗಿ ಏಳೆಂಟು ವರ್ಷವಾದರೂ ಹಗಲು ಬೆಳಕಿನಲ್ಲಿ ನನಗೂ ಆ ಗದ್ದ ತೋರಿಸಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಅವಳ ತಮ್ಮನ ಮದುವೆ ಮುಂದಿನ ಬೇಸಿಗೆಗೆ ನಂಜನಗೂಡಿನಲ್ಲಿ ಎಂದು ಗೊತ್ತಾಯಿತು. ಅಕ್ಕನಾದ ಇವಳೇ ಕಳಸಗಿತ್ತಿ. ಶಾಸ್ತ್ರ ಮುಗಿಯುವವರೆಗೂ ತಮ್ಮನ ಪಕ್ಕದಲ್ಲಿ ಎರಡೂ ಕೈಯಲ್ಲಿ ಕಳಸ ಹಿಡಿದು ನಿಲ್ಲಬೇಕು. ಎದುರಿಗೆ ವಿಡಿಯೊದವನ ಲೈಟು.

"ನಾನ್ ನಿಂತ್ಕಳಾಕಿಲ್ಲ ಕಣ್ರೀ. ಚಿಕ್ಕವ್ವನ ಮಗ್ಳು ಇಡ್ಕೊಳ್ಲಿ," ಅಂದಳು.

"ಇರೋನೊಬ್ಬ ತಮ್ಮ ಕಣೆ."

"ಅದ್ಕೇ ಯೋಳ್ತಿರೋದು. ಜನ ಮದ್ಲಿಂಗನ್ ನೋಡಾದ್ ಬುಟ್ಟು ನನ್ ಗಡ್ಡ ನೋಡ್ಕೊಂಡ್ ಓಯ್ತಾರೆ."

ಮೈಸೂರಿನಲ್ಲಿ ಚರ್ಮದ ಡಾಕ್ಟರೊಬ್ಬರ ಹತ್ತಿರ ಕೂದಲು ತೆಗೆಯುವ ಲೇಸರ್ ಇದೆ ಎಂದು ಯಾರೋ ಹೇಳಿದ್ದರು. ತಿ. ನರಸೀಪುರದಿಂದ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಹೆಂಗಸು ಡಾಕ್ಟರು. ದೀಪ ಹಿಡಿದು ಗದ್ದ ನೋಡಿದವರೇ ತಲೆ ಆಡಿಸಿದರು. ಹಿಂದಿನ ಸಂಜೆ ಇವಳು ಒಂದೂ ಬಿಡದೆ ಕಿತ್ತು, ಅರಿಶಿನ ಹಚ್ಚಿ ತೊಳೆದುಕೊಂಡು ಬಂದಿದ್ದಳು.

"ಎಲ್ಲಾ ಕಿತ್ತುಬಿಟ್ಟಿದ್ದೀರಲ್ಲಮ್ಮಾ! ಈಗ ನಾನು ಯಾವುದನ್ನ ಸುಡಲಿ?"

"ಡಾಕ್ಟ್ರತ್ರ ಗಲೀಜಾಗಿ ಎಂಗ್ ಬರೋದು ಮೇಡಂ?"

ಡಾಕ್ಟರು ನಕ್ಕು, ಚೀಟಿಯ ಹಿಂದೆ ಒಂದು ಕೂದಲಿನ ಚಿತ್ರ ಬರೆದರು. ಲೇಸರ್ ಬೆಳಕು ಹುಡುಕುವುದು ಕೂದಲಿನ ಕಪ್ಪನ್ನು. ಕಪ್ಪು ಆ ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಬಿಸಿ ಬುಡಕ್ಕಿಳಿದು ಕೂದಲು ಹುಟ್ಟುವ ಜಾಗವನ್ನೇ ಸುಡುತ್ತದೆ. ಕಿತ್ತರೆ ಚರ್ಮದೊಳಗೆ ಬೆಳಕಿಗೆ ಸಿಗುವಂಥದ್ದು ಏನೂ ಇರುವುದಿಲ್ಲ. ಒಂದು ತಿಂಗಳು ಕೀಳಬೇಡಿ, ಬರುವ ಹಿಂದಿನ ದಿನ ರೇಜರಿನಲ್ಲಿ ಬೋಳಿಸಿ, ಬುಡ ಒಳಗೇ ಇರಲಿ ಎಂದರು. ಅರಿಶಿನ ಬೇಡ, ಬಿಸಿಲು ಬೇಡ. ಕೂದಲು ಯಾಕೆ ಹೀಗೆ ಬರುತ್ತಿದೆ ಎಂದು ತಿಳಿಯಲು ರಕ್ತ ಪರೀಕ್ಷೆಗೂ ಬರೆದುಕೊಟ್ಟರು.

ನಾನು ಹೈಸ್ಕೂಲಿನಲ್ಲಿ ಅಟೆಂಡರ್. ಮರುದಿನ ಲ್ಯಾಬಿನ ಮಸೂರ ತೆಗೆದು ವರಾಂಡದ ಬಿಸಿಲಲ್ಲಿ ಹಳೇ ಪೇಪರಿನ ಮೇಲೆ ಹಿಡಿದೆ. ದಪ್ಪ ಕಪ್ಪಕ್ಷರದಿಂದ ತಕ್ಷಣ ಹೊಗೆ ಎದ್ದಿತು. ಪಕ್ಕದ ಬಿಳಿ ಜಾಗ ಎಷ್ಟೋ ಹೊತ್ತು ಸುಮ್ಮನಿತ್ತು. ಸಂಜೆ ಮನೆಗೆ ಬಂದು ಅದನ್ನು ವಿವರಿಸಿದೆ.

"ನನ್ ಮೊಕ ಏನ್ ಪೇಪರ್ರಾ?" ಅಂದಳು. ತನ್ನ ಕೈ ತಿರುಗಿಸಿ ನೋಡಿಕೊಂಡು, "ನಮ್ ಚರ್ಮಾನೂ ಕಪ್ಪೇ ಅಲ್ವಾ? ಅದೂ ಸುಟ್ರೆ?" ಎಂದು ಕೇಳಿದಳು.

ನನಗೆ ಹೊಳೆಯದೇ ಇದ್ದ ಪ್ರಶ್ನೆ. ವಾರದ ಮೇಲೆ ರಕ್ತದ ವರದಿ ತೋರಿಸಲು ಹೋದಾಗ, ಅದರಲ್ಲಿ ತೊಂದರೆಯೇನೂ ಇಲ್ಲವೆಂದಾದ ಮೇಲೆ, ಅವಳೇ ಡಾಕ್ಟರನ್ನು ಕೇಳಿದಳು. ನಮ್ಮಂಥ ಬಣ್ಣಕ್ಕೆ ಚರ್ಮವನ್ನು ದಾಟಿ ಆಳಕ್ಕಿಳಿಯುವ ಬೇರೆ ಬೆಳಕಿದೆ, ಜೊತೆಗೆ ಚರ್ಮವನ್ನು ತಣ್ಣಗೆ ಇಡುತ್ತೇವೆ ಎಂದು ಹೇಳಿ, ಮೊದಲು ಕಿವಿಯ ಹತ್ತಿರ ಒಂದು ಚುಕ್ಕೆಯಷ್ಟು ಜಾಗದಲ್ಲಿ ಪರೀಕ್ಷೆ ಮಾಡಿದರು.

ಆ ಒಂದು ತಿಂಗಳು ಅವಳಿಗೆ ಕಷ್ಟವಾಯಿತು. ಬೀದಿ ನಲ್ಲಿಗೂ ಹೋಗಲಿಲ್ಲ. ಬೋಳಿಸುವ ದಿನ, "ಎಂಗ್ಸಿನ್ ಮೊಕಕ್ಕೆ ರೇಜರ್ರಾ? ಇನ್ನೂ ದಪ್ಪಕ್ ಬತ್ತದೆ," ಎಂದು ಹಟ ಹಿಡಿದಳು. ಹಾಗೇನೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ಕಡೆಗೆ ಕಿಟಕಿ ಮುಚ್ಚಿಸಿ, "ನೀವೇ ಮಾಡಿ, ಮಾತಾಡ್ಬೇಡಿ," ಎಂದು ಕಣ್ಣು ಮುಚ್ಚಿ ಕುಳಿತಳು. ನಾನು ಹೊಸ ಬ್ಲೇಡು ಹಾಕಿ ಮೆಲ್ಲಗೆ ಬೋಳಿಸಿದೆ.

ಲೇಸರ್ ತಗುಲಿದಾಗ ಒಗ್ಗರಣೆ ಸಾಸಿವೆ ಸಿಡಿದಂತಾಯಿತಂತೆ. ಹತ್ತು ಹದಿನೈದು ದಿನಕ್ಕೆ ಕೂದಲು ಟವೆಲಿಗೆ ಅಂಟಿಕೊಂಡು ಬರತೊಡಗಿದವು. ಆದರೂ ಹೊಸವು ಹುಟ್ಟಿದವು. ಎಲ್ಲ ಕೂದಲೂ ಒಟ್ಟಿಗೆ ಬೆಳೆಯುವುದಿಲ್ಲ, ಆಗ ಬೆಳೆಯುತ್ತಿರುವುದರ ಬುಡ ಮಾತ್ರ ಸುಡುತ್ತದೆ, ಉಳಿದವು ಎದ್ದಾಗ ಮತ್ತೆ ಹಿಡಿಯಬೇಕು. ಹಾಗಾಗಿ ತಿಂಗಳು, ಒಂದೂವರೆ ತಿಂಗಳಿಗೊಮ್ಮೆ, ಆರು ಸಲ ಹೋದೆವು. ಪೂರ್ತಿ ಹೋಗಲಿಲ್ಲ. ಉಳಿದವು ನವಿರಾಗಿ, ಕೈಗೆ ತಾಕದಷ್ಟಾದವು. ನಾಲ್ಕೈದು ಬಿಳಿ ಕೂದಲಿಗೆ ಬೆಳಕು ಏನೂ ಮಾಡಲಿಲ್ಲ.

ಮದುವೆಯಲ್ಲಿ ಅವಳು ಕಳಸ ಹಿಡಿದು ನಿಂತಳು. ಲೈಟು ನೇರ ಮುಖಕ್ಕೇ ಬಿತ್ತು. ಅವಳ ಸೋದರತ್ತೆ ಬಗ್ಗಿ ನೋಡಿ, "ಏನವ್ವಾ, ಮೊಕ ಒಳ್ಳೆ ನುಣ್ಣಗಾಗದೆ? ಏನ್ ಅಚ್ತೀಯೆ?" ಎಂದರು.

"ಏನೂ ಇಲ್ಲ ಕಣತ್ತೆ. ಅರಿಸಿನಾನೂ ಬುಟ್ಬುಟ್ಟಿವ್ನಿ."

ಮರುದಿನ ಮಧ್ಯಾಹ್ನ ನಂಜನಗೂಡಿನಿಂದ ಊರಿಗೆ ಹೊರಟೆವು. ಬಸ್ಸಿನ ಕಿಟಕಿ ಪಕ್ಕ ಕುಳಿತವಳು ದಣಿದು ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು ನಿದ್ದೆ ಹೋದಳು. ಎರಡು ಕೈಯೂ ಮಡಿಲಲ್ಲಿದ್ದವು. ಬಿಸಿಲು ಮುಖದ ಮೇಲೆ ಬೀಳುತ್ತಿತ್ತು. ಬಿಸಿಲಿಗೆ ಹೋಗಬಾರದೆಂದು ಡಾಕ್ಟರು ಹೇಳಿದ್ದರು, ಸೆರಗು ಎಳೆದು ಮುಚ್ಚಬೇಕಿತ್ತು. ನಾನು ಮುಚ್ಚಲಿಲ್ಲ. ನರಸೀಪುರ ಬರುವವರೆಗೂ ನೋಡುತ್ತಾ ಕುಳಿತಿದ್ದೆ.