ಕೂರಿಗೆಯ ನಾಲ್ಕನೆಯ ತೂತು

ಕಡತದ ದಾರ ಬಿಚ್ಚುತ್ತಲೇ ಶೇಂಗಾ ಚಟ್ನಿಯ ವಾಸನೆ ಬಂತು. ಹತ್ತು ವರ್ಷದ ಹಿಂದಿನ ಚಟ್ನಿ. ಸರಕಾರಿ ಶಾಲೆಯ ಕಡತವೊಂದು ತನ್ನೊಳಗಿನ ವಿಷಯವನ್ನು ಇಷ್ಟು ನಿಷ್ಠೆಯಿಂದ ಕಾಪಾಡಿಕೊಂಡ ಉದಾಹರಣೆ ನನ್ನ ಸೇವಾವಧಿಯಲ್ಲಿ ಬೇರೊಂದಿಲ್ಲ.

ಕಡತ ಬಿಚ್ಚುವ ಪ್ರಸಂಗ ಬಂದದ್ದು ಹೀಗೆ. ಹತ್ತಿಮತ್ತೂರಿನ ಮಗ್ಗುಲಲ್ಲಿರುವ ನಮ್ಮೂರ ಶಾಲೆಗೆ ಹೊಸದಾಗಿ ಬಂದ ಮಾಸ್ತರರು ಹೋದ ತಿಂಗಳು ಒಂದು ಸಂಜೆ ಮನೆಗೆ ಬಂದಿದ್ದರು. ಇನ್ನೂ ಮೀಸೆ ಪೂರ್ತಿ ಒಪ್ಪಿಕೊಳ್ಳದ ವಯಸ್ಸು. ಚಹಾ ಮುಗಿದ ಮೇಲೆ ಬಾಯಿಬಿಟ್ಟರು. "ಸರ್, ಮಕ್ಕಳ್ನ ಹಿರೇಕೆರೂರ ಕಡೆ ಆ ಹಳ್ಳಿ ಬದುಕಿನ ಮ್ಯೂಸಿಯಂಗೆ ಕರ್ಕೊಂಡು ಹೋಗ್ಬೇಕಂತ ಮಾಡೇನ್ರಿ. ಪ್ರವಾಸದ ಪ್ಲಾನು ಅಂದ್ರ ನಿಮ್ಮನ್ನ ಕೇಳು ಅಂದ್ರು ಎಲ್ಲಾರೂ."

ಎಲ್ಲರೂ ಹಾಗೆ ಅಂದರೆಂದ ಮಾತ್ರಕ್ಕೆ ಹೊಗಳಿಯೇ ಅಂದಿರಬೇಕೆಂದಿಲ್ಲ. ಆದರೂ ನನ್ನ ಎದೆ ಎರಡು ಬೆರಳು ಹಿಗ್ಗಿದ್ದನ್ನು ನಿಮ್ಮಿಂದ ಮುಚ್ಚಿಡಲಾರೆ.

ಆ ಮ್ಯೂಸಿಯಂ ನೋಡದವರಿಗೆ ಎರಡು ಮಾತು ಹೇಳಬೇಕು. ಗಾಜಿನ ಪೆಟ್ಟಿಗೆಯೊಳಗೆ ನಾಣ್ಯ, ಕತ್ತಿ ಇಟ್ಟ ಜಾಗವಲ್ಲ ಅದು. ಬಯಲಿನಲ್ಲಿ ಒಂದು ಇಡೀ ಹಳ್ಳಿ ಕಟ್ಟಿ ನಿಲ್ಲಿಸಿದ್ದಾರೆ. ಆಳೆತ್ತರದ ಗೊಂಬೆಗಳು ಉಳುತ್ತವೆ, ಬೀಸುತ್ತವೆ, ಕುದುರೆಗೆ ಲಾಳ ಬಡಿಯುತ್ತವೆ. ನಡುನಡುವೆ ಜೀವಂತ ಮನುಷ್ಯರೂ ಕೂತಿರುತ್ತಾರೆ. ಗಡಿಗೆ ತಟ್ಟುವ ಕುಂಬಾರ, ಬುಟ್ಟಿ ಹೆಣೆಯುವ ಅಜ್ಜಿ. ಯಾರು ಗೊಂಬೆ, ಯಾರು ಮನುಷ್ಯ ಎಂದು ಗೊತ್ತಾಗಲು ತುಸು ಹೊತ್ತು ಬೇಕು. ಆದ್ದರಿಂದಲೇ ನನ್ನ ಪ್ರವಾಸ ಯೋಜನೆಯ ಒಂಬತ್ತನೆಯ ನಿಯಮ, "ಜೀವವಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಯಾರನ್ನೂ ಚಿವುಟತಕ್ಕದ್ದಲ್ಲ" ಎಂದು ಸ್ಪಷ್ಟವಾಗಿ ಸಾರುತ್ತಿತ್ತು. ಏಳನೆಯ ನಿಯಮ ಇನ್ನೂ ಕಠೋರ: "ಯಾವುದನ್ನೂ ಮುಟ್ಟತಕ್ಕದ್ದಲ್ಲ." ಅದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ.

ಪ್ರವಾಸವೆಂದರೆ ಉಳಿದ ಮಾಸ್ತರರಿಗೆ ಬಸ್ಸು ಮತ್ತು ಬುತ್ತಿ. ನನಗೆ ಅದೊಂದು ದಂಡಯಾತ್ರೆ. ಸವಣೂರು ದಾಟುವ ಹೊತ್ತೆಷ್ಟು, ಶಿಗ್ಗಾವಿಯಲ್ಲಿ ನಿಲ್ಲುವುದೆಲ್ಲಿ, ಹಾನಗಲ್ಲಿನಲ್ಲಿ ಉಪ್ಪಿಟ್ಟು ತಿನ್ನಲು ಎಷ್ಟು ನಿಮಿಷ, ವಾಂತಿ ಮಾಡಿಕೊಳ್ಳುವ ಇತಿಹಾಸವುಳ್ಳವರು ಯಾವ ಕಿಟಕಿಗೆ, ಎಲ್ಲವೂ ಕಡತದಲ್ಲಿತ್ತು. ಊರ ಹೆಣ್ಣುಮಕ್ಕಳು ಮಾತ್ರ ನನ್ನ ದಂಡಯಾತ್ರೆಯ ಬುಡಕ್ಕೇ ಕೈಹಾಕಿದ್ದರು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತ ಒಬ್ಬ ಅಜ್ಜಿ ಕೇಳಿದಳು: "ಅಲ್ರೀ ಮಾಸ್ತರ್ರ, ಬೀಸೋಕಲ್ಲು ನೋಡಾಕ ಅಷ್ಟ್ ದೂರ ಯಾಕ್ರಿ? ನಮ್ಮ ಪಡಸಾಲ್ಯಾಗ ಐತಿ, ಕರ್ಕೊಂಡ ಬರ್ರಿ. ಬೇಕಾದ್ರ ಎರಡ ಸೇರು ಜ್ವಾಳಾನೂ ಬೀಸ್ಕೊಂಡ ಹೋಗ್ರಿ." ಶಿಕ್ಷಣಶಾಸ್ತ್ರದ ಯಾವ ಗ್ರಂಥದಲ್ಲೂ ನನಗೆ ಇದಕ್ಕೆ ಉತ್ತರ ಸಿಕ್ಕಿರಲಿಲ್ಲ.

ಇನ್ನು ನನ್ನ ಯೋಜನೆಯ ಕಿರೀಟವೆನ್ನಬಹುದಾದ ಭಾಗಕ್ಕೆ ಬರುತ್ತೇನೆ: ತಾಲೀಮು. ಪ್ರವಾಸಕ್ಕೆ ತಾಲೀಮು ಮಾಡಿಸಿದ ಹೆಡ್‌ಮಾಸ್ತರ ಹಾವೇರಿ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಶಾಲೆಯ ಬಯಲಿನಲ್ಲಿ ಸುಣ್ಣದಿಂದ ಮ್ಯೂಸಿಯಂನ ನಕ್ಷೆ ಬರೆಸಿದೆ. ಅರ್ಧ ಮಕ್ಕಳು ಗೊಂಬೆಗಳು, ಇನ್ನರ್ಧ ಪ್ರೇಕ್ಷಕರು. ಗೊಂಬೆಗಳು ಕಣ್ಣು ಮಿಟುಕಿಸದೆ ನಿಲ್ಲಬೇಕು, ಪ್ರೇಕ್ಷಕರು ಕೈ ಹಿಂದೆ ಕಟ್ಟಿ ಸಾಲಾಗಿ ಸಾಗಬೇಕು. ಯಾರು ಯಾವ ಗೊಂಬೆ ಎಂದು ಹಂಚುವಾಗ ನನಗೆ ಬಹಳ ಜಾಣತನವೆನಿಸಿದ ವಿಚಾರವೊಂದು ಹೊಳೆಯಿತು. ಆರನೆಯ ತರಗತಿಯ ಗಾಯತ್ರಿ ಬಡಿಗೇರ ಈರಪ್ಪನ ಮಗಳು. ಅವಳ ಕೈಗೊಂದು ಕಟ್ಟಿಗೆಯ ತುಂಡು ಕೊಟ್ಟು, "ನೀ ಬಡಿಗ್ಯಾ ಆಗವಾ. ಇದ ನಿನ್ನ ಬಾಚಿ," ಎಂದು ಸುಣ್ಣದ ಚೌಕದಲ್ಲಿ ಕೂರಿಸಿದೆ.

ಅವಳು ಕೂತಳು. ಮರ ಕೆತ್ತಲು ಬಾಚಿ ಎತ್ತಿದ ಹಾಗೆ ಕೈ ಎತ್ತಿ ಅಲುಗದೆ ಕೂತಳು. ಪ್ರೇಕ್ಷಕರ ಸಾಲಿನಿಂದ ಶಂಕ್ರ್ಯಾ ಎಂಬ ಬಾಯಿಬಡುಕ ಕೂಗಿದ: "ಏ, ನೋಡ್ರಲೇ! ಗಾಯತ್ರಿ ಅಪ್ಪ ಮ್ಯೂಸಿಯಂ ಸೇರ್ಯಾನ!"

ಇಡೀ ಬಯಲು ನಕ್ಕಿತು. ನಾನೂ ನಕ್ಕೆ.

ಆ ನಗು ಕಡತದಲ್ಲಿ ದಾಖಲಾಗಿಲ್ಲ. ಆದರೆ ಮಾರನೆಯ ದಿನ ಗಾಯತ್ರಿ ಶಾಲೆಗೆ ಬರಲಿಲ್ಲ, ಅದರ ಮಾರನೆಯ ದಿನವೂ. ನಲವತ್ತೊಂದು ಒಪ್ಪಿಗೆ ಪತ್ರ ಬಂದಿದ್ದವು, ಅವಳದೊಂದು ಬಂದಿರಲಿಲ್ಲ. ಪ್ರವಾಸಕ್ಕೆ ಉಳಿದದ್ದು ಎರಡೇ ದಿನ. ಮೊದಲು ನನಗಾದದ್ದು ಹಾಳೆ ತುಂಬದ ಕಸಿವಿಸಿ ಎಂದು ನಾಚಿಕೆಯಿಂದಲೇ ಹೇಳುತ್ತೇನೆ. ನಾಚಿಕೆ ಅರ್ಧ ದಾರಿಯಲ್ಲಿ ಬಂತು, ಅವರ ಮನೆಯ ಕಡೆ ನಡೆಯುತ್ತಿದ್ದಾಗ.

ಈರಪ್ಪ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಅಂಗಳದಲ್ಲಿ ಕಿಟಕಿಯ ಚೌಕಟ್ಟಿಗೆ ಉಜ್ಜುಗೊರಡು ಹೊಡೆಯುತ್ತಿದ್ದ. ಒಂದು ಕಾಲಕ್ಕೆ ಸುತ್ತಿನ ಹತ್ತು ಊರಿಗೆ ಕೂರಿಗೆ ಮಾಡಿಕೊಟ್ಟ ಕೈ. ಈಗ ಬಿತ್ತನೆಗೆ ಟ್ರ್ಯಾಕ್ಟರು ಬಂದು ಅವನ ಪಾಲಿಗೆ ಕಿಟಕಿ, ಬಾಗಿಲು ಉಳಿದಿದ್ದವು. ನನ್ನನ್ನು ಕಂಡು ಮಣೆ ಹಾಕಿದ. "ಬರ್ರಿ ಸರ್, ಕುಂತ್ರಿ. ಅಕಿ ಒಳಗ ಅದಾಳ್ರಿ. ನಾ ಹೇಳಿದ್ರ ಕೇಳವಲ್ಲಳು, ನೀವ ಹೇಳ್ರಿ."

"ಏನಂತ ಹೇಳ್ಲಿ?"

"ನಾ ಇನ್ನೂ ಅದೇನಿ ಅಂತ ಹೇಳ್ರಿ," ಎಂದು ಈರಪ್ಪ ನಕ್ಕ. ನಗು ಅವನ ಕಣ್ಣಿನವರೆಗೆ ಹೋಗಲಿಲ್ಲ.

ಬಾಗಿಲ ಹಿಂದಿನಿಂದ ಗಾಯತ್ರಿಯ ದನಿ ಬಂತು. "ನಾ ಬರಂಗಿಲ್ರಿ ಸರ್. ಸತ್ತ ಹೋಗಿದ್ದನ್ನ ಅಲ್ಲಿ ಇಡ್ತಾರಂತ. ನಮ್ಮಪ್ಪ ಇನ್ನೂ ಅದಾನ."

ಮಾತು ಕೈಕೊಟ್ಟಾಗ ನಾನು ಕಾಗದದ ಮೊರೆ ಹೋಗುವವನು. ಶಾಲೆಗೆ ವಾಪಸು ಬಂದು, ಜಾವಕ ಸಂಖ್ಯೆ ಹಾಕಿ, ದುಂಡನೆಯ ಮೊಹರು ಒತ್ತಿ ಒಂದು ಆದೇಶ ಹೊರಡಿಸಿದೆ. ಅದರ ನಕಲು ಈ ಕಡತದಲ್ಲಿದೆ:

"ಆರನೆಯ ತರಗತಿಯ ಕುಮಾರಿ ಗಾಯತ್ರಿ ಇವಳು ಸದರಿ ಮ್ಯೂಸಿಯಂನಲ್ಲಿರುವ ಒಕ್ಕಲುತನದ ಸಾಮಾನುಗಳನ್ನು ಖುದ್ದು ತಪಾಸಣೆ ಮಾಡಿ, ಅವು ಸರಿ ಇವೆಯೋ ಇಲ್ಲವೋ ಎಂಬ ಬಗ್ಗೆ ಲಿಖಿತ ವರದಿ ಸಲ್ಲಿಸತಕ್ಕದ್ದು. ಈ ಕೆಲಸಕ್ಕೆ ಊರಿನಲ್ಲಿ ಅವಳ ಹೊರತು ತಿಳಿದವರು ಯಾರೂ ಇಲ್ಲದ ಕಾರಣ ಈ ಆದೇಶ."

ಸಂಜೆ ನಾನೇ ಒಯ್ದು ಕೊಟ್ಟೆ. ಗಾಯತ್ರಿ ಹೊಸ್ತಿಲಲ್ಲಿ ನಿಂತು ಎರಡು ಸಲ ಓದಿದಳು.

"ತಪ್ಪಿದ್ರ ಬರೀಬೇಕೇನ್ರಿ ಸರ್?"

"ಬರೀಬೇಕು."

"ಸರಿ ಇದ್ರ?"

"ಅದನ್ನೂ ಬರೀಬೇಕು. ತಪಾಸಣಿ ಅಂದ್ರ ತಪಾಸಣಿ."

ಈರಪ್ಪ ಒಳಗೆ ಹೋಗಿ ತನ್ನ ಅಳತೆಯ ಕೋಲು ತಂದು ಮಗಳ ಕೈಗಿಟ್ಟ.

ಪ್ರವಾಸದ ದಿನ ಹಾನಗಲ್ಲಿನವರೆಗೆ ನನ್ನ ವೇಳಾಪಟ್ಟಿ ಗಡಿಯಾರದ ಜೊತೆ ಹೆಜ್ಜೆ ಹಾಕಿತು. ಅಲ್ಲಿಂದ ಮುಂದೆ ರೊಟ್ಟಿ ಗಂಟಿನೊಳಗಿನ ಚಟ್ನಿ ಡಬ್ಬಿ ಬಾಯಿಬಿಟ್ಟು ಕಡತ ಪಾವನವಾಯಿತು. ಉಳಿದದ್ದೆಲ್ಲ ಸುಸೂತ್ರ. ಮ್ಯೂಸಿಯಂನಲ್ಲಿ ಮಕ್ಕಳು ಕೈ ಹಿಂದೆ ಕಟ್ಟಿ ಸಾಲಾಗಿ ನಡೆದರು. ಗಾಯತ್ರಿ ಮಾತ್ರ ಸಾಲಿನ ಹೊರಗೆ, ಕಂಕುಳಲ್ಲಿ ಅಳತೆಕೋಲು, ಕೈಯಲ್ಲಿ ಪಾಟಿಚೀಲದಿಂದ ತೆಗೆದ ನೋಟುಬುಕ್ಕು. ಬಡಿಗನ ಗೊಂಬೆಯ ಮುಂದೆ ಬಹಳ ಹೊತ್ತು ನಿಂತಳು. ಕೊನೆಗೆ ಏನೋ ಬರೆದು ಮುಂದೆ ಹೋದಳು. ಆ ಸಾಲು ಈಗ ನನ್ನ ಮುಂದಿದೆ: "ಬಡಿಗೇರ. ಬಾಚಿ ಹಿಡಿದದ್ದು ಸರಿ. ಕಿವಿಯ ಮೇಲೆ ಪೆನ್ಸಿಲ್ ಇಲ್ಲ."

ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂರಿಗೆ. ಎರಡು ಎತ್ತು, ಹೊಡೆಯುವ ಒಕ್ಕಲಿಗ, ಹಿಂದೆ ಉಡಿಯಲ್ಲಿ ಕಾಳು ಕಟ್ಟಿಕೊಂಡ ಹೆಂಗಸು. ಅವಳು ಮೇಲಿನ ಬಟ್ಟಲಿಗೆ ಕಾಳು ಬಿಡುತ್ತ ಹೋದರೆ ಬಟ್ಟಲಿನ ಒಂದೊಂದು ತೂತಿನಿಂದ ಒಂದೊಂದು ಬಿದಿರ ನಳಿಗೆಯಲ್ಲಿ ಇಳಿದು, ಕೆಳಗೆ ಮಣ್ಣು ಸೀಳುವ ಒಂದೊಂದು ತಾಳಿನ ಹಿಂದೆ ಬೀಳುತ್ತದೆ. ಗಾಯತ್ರಿ ಬಗ್ಗಿ ನೋಡಿದಳು, ಸುತ್ತು ಹಾಕಿದಳು. ನಾನು ಬೇಡವೆನ್ನುವ ಮೊದಲೇ ಬಟ್ಟಲಿಗೆ ಬೆರಳಿಟ್ಟಳು. ಕಾವಲುಗಾರ ಸೀಟಿ ಊದಿದ. ಅಲ್ಲಿನ ಉಸ್ತುವಾರಿಯವರು ಓಡಿ ಬಂದರು. ಏಳನೆಯ ನಿಯಮ ನನ್ನ ಕಣ್ಣೆದುರೇ ಮುರಿದು ಬಿತ್ತು.

"ಮುಟ್ಟಬಾರದಮ್ಮಾ!"

"ತಾಳು ನಾಕು ಅದಾವ್ರಿ. ನಳಿಗಿ ನಾಕು. ಬಟ್ಲಕ್ಕ ತೂತು ಮೂರ," ಎಂದಳು ಗಾಯತ್ರಿ. "ನಾಕನೇದ ನಳಿಗಿ ಸುಮ್ನ ಹಚ್ಚೀರಿ. ಆ ಸಾಲಿಗೆ ಕಾಳು ಎಲ್ಲಿಂದ ಬೀಳ್ತೈತ್ರಿ?"

ಉಸ್ತುವಾರಿಯವರು ನಕ್ಕರು. "ಇಷ್ಟು ಮಂದಿ ಬಂದು ನೋಡಿ ಹೋಗ್ಯಾರ, ಯಾರೂ ಹೇಳಿಲ್ಲಲ್ಲವಾ."

"ಬಂದಾವ್ರು ಯಾರೂ ಬಿತ್ತಿಲ್ಲ ಅನಸ್ತೈತ್ರಿ."

ಅವರ ನಗು ನಿಂತಿತು. ಪ್ಯಾಂಟು ಮಡಚಿಕೊಂಡು ಮಂಡಿಯೂರಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಅಷ್ಟರಲ್ಲಿ ಸಾಲಿನಿಂದ ಒಂದು ದನಿ ಹಾರಿಬಂತು. ಅದೇ ಶಂಕ್ರ್ಯಾ. "ಬಡಿಗೇರ ಈರಪ್ಪನ ಮಗಳ್ರಿ ಅಕಿ! ಕೂರಿಗಿ ವಿಷಯದಾಗ ಅಕಿ ಜೋಡಿ ಜಗಳಾ ಬ್ಯಾಡ್ರಿ!"

ಉಸ್ತುವಾರಿಯವರು ಎದ್ದು ನಿಂತು ನನ್ನ ಕಡೆ ನೋಡಿದರು. "ತಪ್ಪು ನಮ್ದ ಐತ್ರಿ ಸರ್. ಆದ್ರ ಈಗ ಇಂಥಾ ಬಟ್ಲ ಮಾಡಾವ್ರು ಯಾರ ಅದಾರ್ರಿ?"

ಉತ್ತರ ಕೊಡಲು ನಾನು ಬಾಯಿ ತೆರೆದೆ. ಗಾಯತ್ರಿ ಅಷ್ಟರಲ್ಲೇ ಹೇಳಿದ್ದಳು.

"ನಮ್ಮಪ್ಪ ಅದಾನ್ರಿ."

ನಲವತ್ತೆರಡು ಮಕ್ಕಳೂ ಸುಮ್ಮನೆ ನಿಂತಿದ್ದರು. ತಾಲೀಮಿನಲ್ಲಿ ಎಷ್ಟು ಬಡಕೊಂಡರೂ ನನಗೆ ಸಿಗದಿದ್ದ ಮೌನ. ವೇಳಾಪಟ್ಟಿ ಮುಕ್ಕಾಲು ತಾಸು ತಪ್ಪಿತು. ಬುಟ್ಟಿ ಹೆಣೆಯುವ ಅಜ್ಜಿಯನ್ನು ನಾವು ನೋಡಲೇ ಇಲ್ಲ. ನಾನು ಕಡತ ಮುಚ್ಚಿ ಕಂಕುಳಲ್ಲಿಟ್ಟುಕೊಂಡೆ.

ತಿಂಗಳೊಪ್ಪತ್ತಿನಲ್ಲಿ ಈರಪ್ಪ ಹೊಸ ಬಟ್ಟಲು ಕೆತ್ತಿ, ಹೆಗಲ ವಸ್ತ್ರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹಿರೇಕೆರೂರಿಗೆ ಹೋದನಂತೆ. ಕಂಡಕ್ಟರು ಮೇಲೆ ಇಡಿ ಎಂದರೂ ಕೇಳಲಿಲ್ಲವಂತೆ. ಗಾಯತ್ರಿ ಮುಂದೆ ಹಾನಗಲ್ಲಿನಲ್ಲಿ ಐಟಿಐ ಓದಿ, ಈಗ ಅದೇ ಅಂಗಳದಲ್ಲಿ ಟ್ರ್ಯಾಕ್ಟರಿನ ಕಬ್ಬಿಣದ ಕೂರಿಗೆಗಳಿಗೆ ವೆಲ್ಡಿಂಗ್ ಮಾಡುತ್ತಾಳೆ. ಕಿವಿಯ ಮೇಲೆ ಪೆನ್ಸಿಲ್ ಇರುತ್ತದೆ.

ಹೊಸ ಮಾಸ್ತರರಿಗೆ ಇಡೀ ಕಡತ ಕೊಡಬೇಕೆಂದೇ ಅವತ್ತು ಇಳಿಸಿದ್ದೆ. ತಾಲೀಮಿನ ನಕ್ಷೆಗೆ ಬಂದಾಗ ಕೈ ನಿಂತಿತು. ಕೊನೆಗೆ ಹಾನಗಲ್ಲಿನ ಉಪ್ಪಿಟ್ಟಿನ ಪುಟ, ವಾಂತಿಯ ಪುಟ, ಆ ಆದೇಶದ ನಕಲು, ಇಷ್ಟೇ ಕೊಟ್ಟೆ. ಓದಿ ಅವರು ಕೇಳಿದರು: "ನಮ್ಮ ಮಕ್ಕಳಾಗ ಯಾರಿಗೆ ಕೊಡ್ಲಿ ಸರ್ ಈ ಆದೇಶಾ?"

"ಎಲ್ಲಾರಿಗೂ ಒಂದೊಂದು ಕೊಡ್ರಿ," ಎಂದೆ. "ಯಾರ ಮನ್ಯಾಗ ಏನೇನು ಗೊತ್ತೈತಿ ನಮಗೇನು ಗೊತ್ತು?"

ಅವರು ನನ್ನನ್ನೂ ಬಸ್ಸು ಹತ್ತಿಸಿದರು. ಇವತ್ತು ಮಧ್ಯಾಹ್ನ, ಮಕ್ಕಳೆಲ್ಲ ಕುಂಬಾರನ ಸುತ್ತ ಮುತ್ತಿದ್ದಾಗ, ನಾನು ಮೆಲ್ಲಗೆ ಕೂರಿಗೆಯ ಹತ್ತಿರ ಹೋದೆ. ಈರಪ್ಪನ ಬಟ್ಟಲು ಹತ್ತು ಬೇಸಗೆ ಕಂಡು ಕಪ್ಪಾಗಿದೆ. ಆಚೆ ಈಚೆ ನೋಡಿ ನಾಲ್ಕನೆಯ ತೂತಿಗೆ ಬೆರಳಿಟ್ಟೆ. ಬೆರಳು ಬುಡದವರೆಗೆ ಇಳಿಯಿತು.

ಕಾವಲುಗಾರ ಸೀಟಿ ಊದಿದ.

"ಅಜ್ಜಾರ! ಮುಟ್ಟಬ್ಯಾಡ್ರಿ! ಬೋರ್ಡ ಓದಾಕ ಬರಂಗಿಲ್ಲೇನ್ರಿ?"

ಕೈ ಹಿಂದೆ ಕಟ್ಟಿ, ತಲೆ ತಗ್ಗಿಸಿ ನಿಂತೆ. "ತಪಾಸಣಿ ಮಾಡಾಕತ್ತಿದ್ನಿ," ಎಂದೆ. "ಸರಿ ಐತಿ."