ಹದಿನೈದು ಅಂಕದ ಅರ್ಧ ರಾಕ್ಷಸಿ

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಬೇಸಿಗೆ ಪೂರ್ತಿ ನಾನು ಇಂಗ್ಲೆಂಡಿನ ಸರದಾರನಾಗಿದ್ದೆ. ಬಿ.ಎ. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದವನಿಗೆ ಬೈಲಹೊಂಗಲದಲ್ಲಿ ಅದಕ್ಕಿಂತ ಘನವಾದ ಉದ್ಯೋಗ ಸಿಗುವಂತಿರಲಿಲ್ಲ. ಈ ಪದವಿ ಕರುಣಿಸಿದವನು ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಮ್ಮ ಕಾಕಾನ ಮಗ. ಪುಣೆಯಿಂದ ಬರುವವರೆಲ್ಲ ತಿನ್ನಲು ಬಾಕರವಡಿ ತಂದರೆ ಅವನು ಝೆರಾಕ್ಸ್ ಮಾಡಿಸಿದ ಒಂದು ಇಂಗ್ಲಿಷ್ ನಿಯಮದ ಪುಸ್ತಕ ತಂದಿದ್ದ.

ಆಟ ಇಷ್ಟು: ಹಳೇ ಕಾಲದ ಇಂಗ್ಲೆಂಡಿನಲ್ಲಿ ಒಬ್ಬ ರಾಜ, ಅವನದೊಂದು ದುಂಡು ಮೇಜು, ಸುತ್ತ ಸರದಾರರು. ಪಟ ಇಲ್ಲ, ಕಾಯಿ ಇಲ್ಲ. ಪ್ರತಿಯೊಬ್ಬನೂ ಹಾಳೆಯ ಮೇಲೆ ಒಂದು ಪಾತ್ರ ಕಟ್ಟಿಕೊಂಡು, ಆ ಪಾತ್ರವಾಗಿ ಮಾತಾಡಬೇಕು. ಕತೆ ನಡೆಸುವವನು ಕಾಕಾನ ಮಗ. ಗೆಲುವು ಸೋಲು ಹೇಳುವುದು ಇಪ್ಪತ್ತು ಮುಖದ ದಾಳ. ಅದು ಎರಡನೇ ದಿನವೇ ಉರುಳಿ ಬಚ್ಚಲ ಮೋರಿ ಸೇರಿತು. ಆಮೇಲೆ ಒಂದರಿಂದ ಇಪ್ಪತ್ತರವರೆಗಿನ ಹೌಸಿ ಆಟದ ಬಿಲ್ಲೆಗಳನ್ನು ಸ್ಟೀಲ್ ಲೋಟದಲ್ಲಿ ಕುಲುಕಿ ಎತ್ತುತ್ತಿದ್ದೆವು. ದುಂಡು ಮೇಜಿನ ಸರದಾರರಾದ ನಾವು ಪಡಸಾಲೆಯ ಕಾಟಿನ ಮೇಲೆ ಕಾಲು ಮಡಚಿ ಕೂತಿರುತ್ತಿದ್ದೆವು.

ಮೂರನೆಯವನು ಕಿತ್ತೂರಿನಿಂದ ಬಸ್ಸಿಗೆ ಬರುತ್ತಿದ್ದ ನನ್ನ ಕಾಲೇಜು ಗೆಳೆಯ. ಅವನದು ಮೊದಲಿನಿಂದಲೂ ತಕರಾರು. "ಇಂಗ್ಲಿಷರ ಕೂಡ ಕಾದಿ ಕ್ವಾಟಿ ಕಳಕೊಂಡ ಊರಾಂವ ನಾ. ಈಗ ಅವರ ರಾಜನ ಮುಂದ ಮಣಕಾಲ ಊರಬೇಕೇನು?" ಎಂದು ದಿನಾ ಕೇಳುತ್ತಿದ್ದ, ದಿನಾ ಊರುತ್ತಿದ್ದ.

ನನಗೆ ಸಾದಾ ಸರದಾರನಾಗುವ ಮನಸ್ಸಿರಲಿಲ್ಲ. ಪುಸ್ತಕದ ಕೊನೆಯಲ್ಲಿ ಅರ್ಧ ಮನುಷ್ಯ, ಅರ್ಧ ರಾಕ್ಷಸ ಎಂಬ ಬಗೆಯೊಂದಿತ್ತು. ಅದೇ ಬೇಕು ಎಂದೆ.

"ಅರ್ಧ ಅಂದರ?" ಎಂದ ಕಿತ್ತೂರಿನವನು. "ರಾಕ್ಷಸ ಯಾರು, ತಂದಿಯೋ ತಾಯಿಯೋ?"

ಪುಸ್ತಕಕ್ಕೆ ಇದು ಗೊತ್ತಿರಲಿಲ್ಲ, ನಮಗೆ ಗೊತ್ತಿತ್ತು. ತಂದೆ ರಾಕ್ಷಸನಾದರೆ ಮಗ ಪೂರ್ತಿ ರಾಕ್ಷಸನೇ, ಮನೆತನ ಎಲ್ಲಿ ಹೋಗುತ್ತದೆ? ತಾಯಿ ರಾಕ್ಷಸಿಯಾದರೆ ಮಗ ಮನುಷ್ಯ, ಆದರೆ ಸೋದರಮಾವ ರಾಕ್ಷಸ. ನಾಳೆ ಆ ಮಾವನ ಮಗಳನ್ನು ಒಲ್ಲೆ ಎಂದರೆ ರಾಜನ ಕೋಟೆಯ ಒಂದು ಕಲ್ಲೂ ಉಳಿಯಲಿಕ್ಕಿಲ್ಲ. ಅರ್ಧ ಎನ್ನುವುದು ನಮ್ಮ ಕಡೆ ಯಾವ ಲೆಕ್ಕಕ್ಕೂ ಕೂಡುತ್ತಿರಲಿಲ್ಲ. ಎರಡು ತಾಸು ಜಗಳವಾಡಿ, ಇಂಗ್ಲೆಂಡಿನಲ್ಲಿ ಸೋದರಮಾವನ ಹಕ್ಕು ನಡೆಯುವುದಿಲ್ಲ ಎಂದು ಠರಾವು ಪಾಸು ಮಾಡಿದೆವು.

ಆಮೇಲೆ ತೂಕದ ಪ್ರಶ್ನೆ. ಒಂದೊಂದು ಶಕ್ತಿಗೆ ಇಷ್ಟು ಅಂಕ ಕೊಡಬೇಕು, ಒಂದೊಂದು ಕುಂದು ಹೊತ್ತುಕೊಂಡರೆ ಇಷ್ಟು ವಾಪಸ್ಸು. ಎರಡೂ ಸಮವಾದರೆ ಮಾತ್ರ ಪಾತ್ರ ಪಾಸು. ನನ್ನ ಮೊದಲ ರಾಕ್ಷಸ ಹಾರುತ್ತಿದ್ದ, ಬೆಂಕಿ ಉಗುಳುತ್ತಿದ್ದ, ಸಾಯುತ್ತಿರಲಿಲ್ಲ. ಕುಂದು ಒಂದೇ, ಸ್ವಲ್ಪ ಮುಂಗೋಪ. ಕಾಕಾನ ಮಗ ಹೀಗೆ ಮೂರು ಹಾಳೆ ತಿರುಗಿ ಕೊಟ್ಟ. "ಇದು ಪಾತ್ರ ಅಲ್ಲಲೇ, ಹಗಲುಗನಸು. ಖರೇ ಮಂದಿನ್ನ ನೋಡಿ ಬರಿ" ಎಂದ.

ಖರೇ ರಾಕ್ಷಸಿಯನ್ನು ಹುಡುಕಿಕೊಂಡು ನಾನು ದೂರ ಹೋಗಬೇಕಿರಲಿಲ್ಲ. ಅಪ್ಪನ ಅಕ್ಕ, ನಮ್ಮ ಸೋದರತ್ತೆ, ಗಂಡ ತೀರಿಕೊಂಡ ಮೇಲೆ ಹನ್ನೆರಡು ವರ್ಷದಿಂದ ನಮ್ಮ ಮನೆಯಲ್ಲೇ ಇದ್ದಳು. ಬೆನ್ನ ಹಿಂದೆ ಮನೆಯವರೆಲ್ಲ ಅವಳಿಗೆ ರಾಕ್ಷಸಿ ಎನ್ನುತ್ತಿದ್ದರು. ಮುಂದೆ ಅನ್ನುವ ಗಂಡಸು ನಮ್ಮ ವಂಶದಲ್ಲಿ ಹುಟ್ಟಿರಲಿಲ್ಲ.

ಅದೇ ವಾರ ಅಣ್ಣನಿಗೆ ಹೆಣ್ಣು ನೋಡಲು ಯರಗಟ್ಟಿಗೆ ಹೋಗಿದ್ದೆವು. ನಮ್ಮ ಕಡೆಯ ಹಿರಿಯರೊಬ್ಬರು ಹುಡುಗಿಗೆ ನಡೆದು ತೋರಿಸು ಎಂದರು, ಓದಿ ತೋರಿಸು ಎಂದರು, ಜಡೆ ಸ್ವಂತದ್ದೇ ಹೌದೋ ಎಂದೂ ಕೇಳಿದರು. ಅತ್ತೆ ಉಪ್ಪಿಟ್ಟಿನ ತಾಟು ಕೆಳಗಿಟ್ಟಳು.

"ಹೆಣ್ಣ ನೋಡಾಕ ಬಂದೀರೋ, ದನದ ಪ್ಯಾಟಿಗೆ ಬಂದೀರೋ? ಹಲ್ಲ ಎಣಿಸೂದೊಂದ ಉಳದೈತಿ, ಅದನ್ನೂ ಎಣಿಸಿಬಿಡ್ರಿ."

ಹಿರಿಯರು ಊರು ಮುಟ್ಟುವತನಕ ಬಾಯಿ ತೆರೆಯಲಿಲ್ಲ. ಹೊರಡುವಾಗ ಹುಡುಗಿಯ ತಾಯಿ ಅಪ್ಪನನ್ನು ಬದಿಗೆ ಕರೆದು, ಅತ್ತೆಯನ್ನು ತೋರಿಸಿ, "ಅವರು ನಿಮ್ಮ ಮನಿಯಾಗ ಇರತಾರೇನ್ರಿ?" ಎಂದು ಕೇಳಿದರು. ಅಪ್ಪ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ "ಹೂಂ ರಿ" ಎಂದರು.

ಅರ್ಥವಾಗದಿರಲು ನಾವೇನು ಕೂಸುಗಳೇ? ಇಂಥವಳಿದ್ದ ಮನೆಗೆ ಹೆಣ್ಣು ಕೊಡಲು ಅವರು ಹೆದರುತ್ತಿದ್ದಾರೆ ಎಂದು ಬಸ್ಸಿನಲ್ಲೇ ತೀರ್ಪಾಯಿತು. ಎಂಟು ದಿನಕ್ಕೆ ಯರಗಟ್ಟಿಯಿಂದ ಒಪ್ಪಿಗೆ ಬಂದರೂ ತೀರ್ಪು ಬದಲಾಗಲಿಲ್ಲ. ಲಗ್ನಕ್ಕೆ ಮುಂಚೆ ಅತ್ತೆಯನ್ನು ರಾಮದುರ್ಗದಲ್ಲಿದ್ದ ಅವಳ ಮೈದುನನ ಮನೆಗೆ ನಾಲ್ಕು ದಿನ ಕಳಿಸುವುದು ಎಂದಾಯಿತು. ಆ ನಾಲ್ಕು ದಿನಕ್ಕೆ ಐದನೇ ದಿನ ಇಲ್ಲವೆಂದು ಅವಳೊಬ್ಬಳನ್ನು ಬಿಟ್ಟು ನಮ್ಮ ಮನೆಯವರಿಗೆಲ್ಲ ಗೊತ್ತು ಎಂದುಕೊಂಡಿದ್ದೆವು. ಬಿಟ್ಟು ಬರುವ ಕೆಲಸ ಮನೆಯಲ್ಲಿ ಖಾಲಿ ಕೂತಿದ್ದ ಒಬ್ಬನೇ ಒಬ್ಬನ ಪಾಲಿಗೆ, ಅಂದರೆ ನನ್ನ ಪಾಲಿಗೆ ಬಂತು. ನನಗೆ ಅದರಿಂದ ಒಂದಿಷ್ಟೂ ಸಂಕಟವಾಗಲಿಲ್ಲ. ಇದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಆಗ ನನ್ನ ತಲೆಯ ತುಂಬ ಅಂಕಗಳೇ ಇದ್ದವು.

ಏಕೆಂದರೆ ಅತ್ತೆಯನ್ನು ನೋಡಿ ಬರೆದ ಹೊಸ ಹಾಳೆ ಅಷ್ಟು ಚಂದ ಕೂಡುತ್ತಿತ್ತು. ಮೂರು ಗೋಡೆಯ ಆಚೆಗಿನ ಮಾತು ಕೇಳುವ ಕಿವಿ, ಅದಕ್ಕೆ ಆರು ಅಂಕ. ಎದುರಾಳಿಯ ನಾಲಿಗೆ ಕಟ್ಟುವ ಮಾತು, ಯರಗಟ್ಟಿಯಲ್ಲಿ ಪರೀಕ್ಷಿಸಿದ್ದು, ಐದು. ಒಂದು ಕೂಗಿಗೆ ಹೊರಟ ವಾಹನ ನಿಲ್ಲಿಸುವ ಗಂಟಲು, ನೇಸರಗಿಯಲ್ಲಿ ಬಸ್ಸಿನ ಡ್ರೈವರ್ ಸಾಕ್ಷಿ, ನಾಲ್ಕು. ಒಟ್ಟು ಹದಿನೈದು. ಇತ್ತ ಕುಂದುಗಳಲ್ಲಿ ಮೊಣಕಾಲು ನೋವು. ಕೋಟೆಯ ತುಂಬ ಮೆಟ್ಟಿಲುಗಳೇ ಆದ್ದರಿಂದ ನಾಲ್ಕು ವಾಪಸ್ಸು. ಅವಳ ಟ್ರಂಕು ಯಾರಾದರೂ ಮುಟ್ಟಿದರೆ ಯುದ್ಧ ಬಿಟ್ಟು ಬಂದು ಅದರ ಮೇಲೆ ಕೂರುತ್ತಾಳೆ, ಐದು. ರೊಟ್ಟಿ ಚಲೋ ಆಗಿದೆ ಎಂದರೆ ಕರಗಿ ನೀರಾಗುತ್ತಾಳೆ, ಮೂರು. ನಾಲ್ಕು ಗಂಟೆಗೆ ಚಹಾ ಸಿಗದಿದ್ದರೆ ಶಕ್ತಿಯೆಲ್ಲ ಅರ್ಧ, ಮೂರು. ಆ ಕಾಲದ ಇಂಗ್ಲೆಂಡಿಗೆ ಚಹಾ ಬಂದಿರಲಿಲ್ಲವೆಂದು ಕಾಕಾನ ಮಗ ತಗಾದೆ ತೆಗೆದ. ಕಿತ್ತೂರಿನವನು "ಹಂಗಾರ ಆ ರಾಜ ಎದ್ದ ಕೂಡಲೇ ಏನ ಕುಡೀತಿದ್ದ, ಪಾಪ?" ಎಂದು ಮೊದಲ ಸಲ ಶತ್ರುವಿಗಾಗಿ ಮರುಗಿದ. ಮಜ್ಜಿಗೆ ಎಂದು ತಿದ್ದಿದೆವು.

ಹದಿನೈದಕ್ಕೆ ಹದಿನೈದು. ಗೆದ್ದ ಖುಷಿಯಲ್ಲಿ ನಾನು ಹಾಳೆಯನ್ನು ಮೊದಲಿನಿಂದ ಗಟ್ಟಿಯಾಗಿ ಓದಿದೆ. ಅಡುಗೆಮನೆ ಇದ್ದದ್ದು ಎರಡೇ ಗೋಡೆಯ ಆಚೆ. ಮೂರು ಗೋಡೆಯ ಕಿವಿಗೆ ಆರು ಅಂಕ ಸುರಿದ ಜಾಣ ನಾನೇ.

ಅತ್ತೆ ಕೈ ಒರೆಸಿಕೊಳ್ಳುತ್ತ ಬಂದಳು. ಹಾಳೆಗೆ ಕೈ ಚಾಚಿದಳು. ಕಾಟಿನ ತುದಿಗೆ ಕೂತು, ಚಸ್ಮಾ ಹಾಕಿಕೊಂಡು, ದಿನಾ ಪೇಪರು ಓದುವಷ್ಟೇ ಸಾವಕಾಶವಾಗಿ ಓದಿದಳು. ಕಿತ್ತೂರಿನವನು ಚಪ್ಪಲಿ ಎಲ್ಲಿವೆ ಎಂದು ನೋಡತೊಡಗಿದ.

"ಅರ್ಧಾ ರಾಕ್ಷಸಿ, ಅರ್ಧಾ ಮನಷ್ಯಾಳು ಅಂತ ಮ್ಯಾಲ ಬರದಿ," ಎಂದಳು. "ರಾಕ್ಷಸಿದೆಲ್ಲಾ ಬರೋಬ್ಬರಿ ಐತಿ. ಮನಷ್ಯಾಳಿನ ಅರ್ಧದಾಗ ಏನೈತಿ?"

ಹಾಳೆಯಲ್ಲಿ ಏನೂ ಇರಲಿಲ್ಲ. ಕಾಕಾನ ಮಗ ನಿಯಮ ಬಲ್ಲವನು, ತಡವರಿಸುತ್ತ ಹೇಳಿದ: "ಅತ್ತಿ, ಮನಷ್ಯಾರಿಗೆ ವಿಶೇಷ ಶಕ್ತಿ ಇರಂಗಿಲ್ಲ. ಅದಕ್ಕ ಆ ಕಡೆ ಖಾಲಿ ಬಿಡತಾರ."

"ಖಾಲಿ ಬಿಡಬ್ಯಾಡ. ಒಂದ ಹೇಳತೇನಿ, ಬರಕೋ. ಇದ್ದ ಮನಿಯಾಗ ತಾ ಯಾರಿಗರೆ ಬ್ಯಾಡಾದರ, ಹೋಗು ಅನಿಸಿಕೊಳ್ಳೂಕಿಂತ ಮೊದಲ ಎದ್ದ ಹೊಂಡತಾಳ. ಎಷ್ಟ ಅಂಕ ಕೊಡತಿ ಕೊಡು."

ಕಾಕಾನ ಮಗನಿಗೆ ನಮ್ಮ ಮನೆಯ ತೀರ್ಮಾನ ಗೊತ್ತಿರಲಿಲ್ಲ. ಇದು ಶಕ್ತಿಯೋ ಕುಂದೋ ಎಂದು ಅವನು ನಿಜವಾಗಿಯೂ ಪುಸ್ತಕ ತಿರುವಿ ಹುಡುಕಿದ. ಅತ್ತೆ ನನ್ನ ಕಡೆ ತಿರುಗಿ, "ರಾಮದುರ್ಗಕ್ಕ ಹೋಗೂದ ನಾಳೆನ ಇಟ್ಟಗೋ. ಬಿಸಲ ಏರೂಕಿಂತ ಮೊದಲ ಹೊಂಡೋಣು" ಎಂದಳು.

ಮರುದಿನ ಅವಳನ್ನೂ ಅವಳ ಟ್ರಂಕನ್ನೂ ರಾಮದುರ್ಗಕ್ಕೆ ಬಿಟ್ಟು ಬಂದೆ. ಬಸ್ಸಿನಲ್ಲಿ ನನ್ನ ಫಲಿತಾಂಶದ ಬಗ್ಗೆ ಕೇಳಿದಳು, ಆಟದ ಬಗ್ಗೆ ಕೇಳಲಿಲ್ಲ. ಆ ಅರ್ಧ ರಾಕ್ಷಸಿಯನ್ನು ಮುಂದೆ ಯಾರೂ ಆಡಲಿಲ್ಲ. ಲಗ್ನಕ್ಕೆ ಅವಳು ಮೈದುನನ ಮನೆಯವರ ಜೊತೆ ಬಂದಳು, ಅಕ್ಕಿಕಾಳು ಹಾಕಿ ಅವರ ಜೊತೆಗೇ ಹೋದಳು. ಅಪ್ಪ "ಎಷ್ಟ ಶಾಂತ ಆತು ನೋಡು ಕಾರ್ಯ" ಎಂದು ಸಮಾಧಾನಪಟ್ಟರು.

ಲಗ್ನವಾಗಿ ಹದಿನೈದು ದಿನಕ್ಕೆ ವೈನಿ, ಅಂದರೆ ಅಣ್ಣನ ಹೆಂಡತಿ, ಪಡಸಾಲೆಯಲ್ಲಿ ಎಲ್ಲರಿಗೂ ಚಹಾ ಕೊಡುತ್ತ ಕೇಳಿದಳು: "ರಾಮದುರ್ಗಕ್ಕ ಹೋದ ಅತ್ತಿಯಾರು ಯಾವಾಗ ಬರತಾರ್ರಿ?"

ಅಣ್ಣ ಅಪ್ಪನ ಮುಖ ನೋಡಿದ.

"ನಮ್ಮವ್ವ ಅವರನ್ನ ನೋಡೇ ಹೂಂ ಅಂದಾಳ್ರಿ. ಅವರು ಇದ್ದ ಮನಿಯಾಗ ನನ್ನ ಮಗಳನ್ನ ಯಾರೂ ದನಾ ತಿಳದಂಗ ತಿಳಿಯಂಗಿಲ್ಲ ಅಂತ. ಅಲ್ಲೇ ನಿಮಗ ಕೇಳಿದ್ಲಲ್ರಿ ಮಾವಾರ, ಅವರು ಮನಿಯಾಗ ಇರತಾರೇನು ಅಂತ?"

ಅಪ್ಪ ಚಹಾದ ಬಸಿಯನ್ನು ಬಹಳ ಹೊತ್ತು ಊದಿದರು. ಮರುದಿನ ನನ್ನನ್ನು ರಾಮದುರ್ಗಕ್ಕೆ ಅಟ್ಟಿದರು. ಖಾಲಿ ಕೂತವನು ಆಗಲೂ ನಾನೇ.

ಅತ್ತೆ ನನಗೆ ತಾಟು ಹಾಕಿ, ಎದುರಿಗೆ ಕೂತು ವೈನಿ ಹೇಳಿದ್ದನ್ನೆಲ್ಲ ಕೇಳಿದಳು. "ಹುಡುಗಿ ಶ್ಯಾಣ್ಯಾಕಿ ಅದಾಳ" ಎಂದಳು. ಆಮೇಲೆ ರೊಟ್ಟಿ ಮುರಿದು ನನ್ನ ತಾಟಿಗೆ ಹಾಕುತ್ತ ಕೇಳಿದಳು:

"ನಾ ನಿಮ್ಮ ಬೀಗತಿಗೆ ಬೇಕಾಗೇನಿ. ಅದು ತಿಳೀತು. ನಿಮಗ?"

ನನ್ನ ಬಾಯಲ್ಲಿ ತುತ್ತು ಇತ್ತು. ಬೇಕು ಎನ್ನಲು ತುತ್ತು ನುಂಗಬೇಕೆಂದೇನೂ ಇರಲಿಲ್ಲ, ತಲೆ ಆಡಿಸಿದರೆ ಸಾಕಿತ್ತು. ನಾನು ಅಗಿದೆ. ಅವಳು ನಾನು ಅಗಿಯುವುದನ್ನು ನೋಡಿದಳು.

"ಸಾವಕಾಶ ಉಣ್ಣು," ಎಂದು ಎದ್ದು ಒಳಗೆ ಹೋದಳು.