ಕೋರ್ಟಿನ ಬೆಂಚಿಗೆ ಹಾಕಿದ ಟವೆಲ್ಲು

ನನ್ನ ಹತ್ತಿರ ಕೆಂಪಂಚಿನ ಹಳೆಯ ಟವೆಲ್ಲೊಂದಿದೆ. ನೆಲ ಒರೆಸಲೂ ಮನೆಯವರು ಮುಟ್ಟುವುದಿಲ್ಲ. ಆದರೆ ನಂಜನಗೂಡಿನಿಂದ ತಿರುಮಕೂಡಲು ನರಸೀಪುರದವರೆಗೆ ಇದರಷ್ಟು ಜಾಗ ಹಿಡಿದ ಟವೆಲ್ಲು ಇನ್ನೊಂದಿದ್ದರೆ ತೋರಿಸಿ, ಅರ್ಧ ಮೀಸೆ ಬೋಳಿಸುತ್ತೇನೆ. ಪೂರ್ತಿ ಪಣಕ್ಕಿಡುವಷ್ಟು ದಡ್ಡನಲ್ಲ ನಾನು.

ಆ ದಾರಿಯ ಖಾಸಗಿ ಬಸ್ಸಿನಲ್ಲಿ ಬದುಕೆಲ್ಲ ಕಂಡಕ್ಟರಾಗಿದ್ದವನು ನಾನು. ಕಿಟಕಿಯಿಂದ ತೂರಿ ಬಂದ ಟವೆಲ್ಲು ಒಮ್ಮೆ ಸೀಟಿನ ಮೇಲೆ ಕೂತಿತೆಂದರೆ ಅಲ್ಲಿ ಕೂರುವ ಎದೆಗಾರಿಕೆ ನಮ್ಮ ಸೀಮೆಯಲ್ಲಿ ಯಾರಿಗೂ ಇಲ್ಲ. ಕೆಲಸ ಬಿಟ್ಟ ಮೇಲೆ ಈ ವಿದ್ಯೆಯನ್ನು ನಾನು ಕೋರ್ಟಿಗೆ ಕೊಂಡೊಯ್ದೆ. ತೊಂಬತ್ತರ ದಶಕದ ಆ ದಿನಗಳಲ್ಲಿ ಹಳೆಯ ಪರಿಚಯದ ಮೇಲೆ ಬಸ್ಸು ನನಗೆ ಪುಕ್ಕಟೆ, ಕೋರ್ಟಂತೂ ಎಲ್ಲರಿಗೂ ಪುಕ್ಕಟೆ. ಒಂದು ದಿನ ನಂಜನಗೂಡು, ಮರುದಿನ ನರಸೀಪುರ. ಬೆಳಿಗ್ಗೆಯೇ ಹೋಗಿ ಹಿಂದಿನ ಬೆಂಚಿಗೆ ಟವೆಲ್ಲು ಹಾಕಿ, ಕಾಫಿ ಕುಡಿದು ಬಂದು, ಜಮೀನ್ದಾರನಂತೆ ಕೂರುತ್ತಿದ್ದೆ. ಅಪರಾಧದ ವಿಚಾರಣೆ ನಡೆಯುವಾಗ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂಬ ಕಾನೂನನ್ನು ನನಗೆ ಹೇಳಿಕೊಟ್ಟವರು ಒಬ್ಬ ವಕೀಲರು. ಯಾಕಾದರೂ ಹೇಳಿದೆನೋ ಎಂದು ಆಮೇಲೆ ಕೊರಗಿದವರೂ ಅವರೇ.

ನನ್ನನ್ನು ಕೆಲಸವಿಲ್ಲದವನೆಂದು ತಿಳಿಯಬೇಡಿ. ಒಮ್ಮೆ ನಂಜನಗೂಡಿನಲ್ಲಿ, ಹೆಮ್ಮರಗಾಲದ ಕಡೆಯ ಸಾಕ್ಷಿಯೊಬ್ಬ ಮೇಕೆ ಕದ್ದವನನ್ನು ತಾನು ಕಂಡೇ ಇಲ್ಲವೆಂದು ಬಾಯಿಪಾಠ ಒಪ್ಪಿಸುತ್ತಿದ್ದ. ಹಿಂದಿನ ವಾರವಷ್ಟೇ ಬಸ್ಸಿನಲ್ಲಿ ಆ ಕಳ್ಳತನವನ್ನು ನನಗೆ ಕಣ್ಣಿಗೆ ಕಟ್ಟುವಂತೆ ಬಣ್ಣಿಸಿದ್ದ ಮಹಾನುಭಾವ! ತಲೆಯೆತ್ತಿದ, ಬೆಂಚಿನಲ್ಲಿ ನಾನು. ಮೀಸೆ ತಿರುವಿದೆ, ಅಷ್ಟೆ.

“ತಪ್ಪಾಯ್ತು ಸಾ, ಕಂಡಿದ್ದೆ. ಅಗೋ, ಆವಯ್ಯ ಕುಂತವ್ನಲ್ಲ, ಅವ್ನ್ ಮುಂದೆ ಸುಳ್ಳೇಳಕ್ಕಾಗಕಿಲ್ಲ!” ಎಂದುಬಿಟ್ಟ.

ತೆರೆದ ಬಾಗಿಲಿನ ಮಹಿಮೆ ಇದು. ನಾಲ್ಕು ಜನರ ಕಣ್ಣಿದ್ದರೆ ಸುಳ್ಳಿಗೆ ಬೆವರು ಬರುತ್ತದೆ, ವಕೀಲರಿಗೆ ವಿನಯ ಬರುತ್ತದೆ, ನ್ಯಾಯಾಧೀಶರ ಬೆನ್ನೂ ಸ್ವಲ್ಪ ನೆಟ್ಟಗಾಗುತ್ತದೆ. ಹೀಗೆ ಎರಡು ತಾಲ್ಲೂಕುಗಳ ನ್ಯಾಯವನ್ನು ನನ್ನ ಕಣ್ಣೇ ಕಾಯುತ್ತಿದೆ ಎಂದು ಬೀಗುತ್ತಿದ್ದಾಗ ನರಸೀಪುರದಲ್ಲಿ ಆ ಕೇಸು ಬಂತು.

ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು. ಊರಿನ ಗುಟ್ಟನ್ನೆಲ್ಲ ಹಂಚಿದ ಬಾಯಿ ನನ್ನದು, ಆದರೂ ಅವಳ ಹೆಸರು ಹೇಳುವುದಿಲ್ಲ. ಗಿರಣಿಯ ಮೇಸ್ತ್ರಿ ಗೋದಾಮಿನಲ್ಲಿ ಅವಳ ಮೈಮೇಲೆ ಕೈ ಹಾಕಿದ್ದನೆಂದು ದೂರು. ಕಂಡ ಸಾಕ್ಷಿಯಿಲ್ಲ, ಅವಳು ಬಾಯಿಬಿಟ್ಟರೆ ಕೇಸು, ಇಲ್ಲದಿದ್ದರೆ ಅವನು ಮರುದಿನವೇ ಅದೇ ಗೋದಾಮಿನ ಬಾಗಿಲಲ್ಲಿ. ಅಂದು ಮೇಸ್ತ್ರಿಯ ಕಡೆಯ ಏಳೆಂಟು ಗಂಡಸರು ನನ್ನ ಬೆಂಚಿನಲ್ಲೇ ಸಾಲಾಗಿ ಕೂತಿದ್ದರು. ಸರ್ಕಾರದ ವಕೀಲರು ಕೇಳಿದ್ದಕ್ಕೆ ಅವಳು ಸೆರಗಿನೊಳಗೇ ಏನೋ ಹೇಳಿದಳು. “ಜೋರಾಗಿ ಹೇಳಮ್ಮ” ಎಂದರು ನ್ಯಾಯಾಧೀಶರು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ!

“ಇಂದ್ಗಡೆ ಸೀಟ್ಗೂ ಕೇಳ್ಬೇಕು ಕಣವ್ವಾ, ರೈಟ್!” ಎಂದೆ, ಬಸ್ಸಿನ ದನಿಯಲ್ಲೇ.

ಬೆಂಚಿಗೆ ಬೆಂಚೇ ನಕ್ಕಿತು. ಮೇಸ್ತ್ರಿಯೂ ನಕ್ಕ. ಅವಳು ಬಾಯಿ ಮುಚ್ಚಿದವಳು ಮತ್ತೆ ತೆರೆಯಲೇ ಇಲ್ಲ. ನ್ಯಾಯಾಧೀಶರು ನನ್ನನ್ನು ಗದರಿಸಿ, ಕೇಸನ್ನು ಮುಂದಕ್ಕೆ ಹಾಕಿದರು. ಬದುಕಿನಲ್ಲಿ ನಾನು ಹಾರಿಸಿದ ಸಾವಿರ ಚಟಾಕಿಗಳಲ್ಲಿ ಮನೆಗೆ ಬಂದ ಮೇಲೂ ಕಿವಿಯಲ್ಲಿ ಉಳಿದದ್ದು ಅದೊಂದೇ.

ಮುಂದಿನ ವಾಯಿದೆಯ ದಿನ ಕೇಸು ಕರೆದ ಕೂಡಲೇ ನ್ಯಾಯಾಧೀಶರು ಸಂಬಂಧವಿಲ್ಲದವರೆಲ್ಲ ಹೊರಗೆ ಹೋಗಬೇಕೆಂದರು. ಒಳಗುಳಿದವರು ಅವರು, ಕೋರ್ಟಿನ ಸಿಬ್ಬಂದಿ, ಎರಡೂ ಕಡೆಯ ವಕೀಲರು, ಆರೋಪಿ, ಆ ಹೆಣ್ಣುಮಗಳು, ಧೈರ್ಯಕ್ಕೆಂದು ಅವಳ ತಾಯಿ. ಬಾಗಿಲಲ್ಲಿ ನಾನು ಜವಾನ ಪುಟ್ಟಮಾದನನ್ನು ತಡವಿಕೊಂಡೆ.

“ಲೋ ಮಾದ, ಕೋರ್ಟು ಎಲ್ಲಾರ್ದೂ ಕಣ್ಲಾ! ನನ್ ಟವಲ್ಲು ಒಳಗದೆ, ಜಾಗ ಇಡ್ದಿವ್ನಿ!”

“ಟವಲ್ಲಿಗೆ ಬಾಯಿಲ್ಲ ಕಣಣ್ಣೋ, ಅದು ಇರ್ಲಿ. ನೀನು ನಡಿ ಒರೀಕೆ!” ಎಂದು ಅವನು ಬಾಗಿಲೆಳೆದುಕೊಂಡ.

ಸೋತೆ. ಸೋತವನಿಗೆ ಬುದ್ಧಿ ಬರುತ್ತದಂತೆ. ನನಗೂ ಸ್ವಲ್ಪ ಬಂತು. ಸುಳ್ಳುಗಾರನನ್ನು ಬೆವರಿಸುವ ಕಣ್ಣುಗಳೇ ಸತ್ಯವಂತೆಯ ಗಂಟಲನ್ನೂ ಹಿಸುಕಬಲ್ಲವು. ಹೆರಿಗೆಯ ಕೋಣೆಗೆ ಕದ ಹಾಕುವುದು ಮಗು ಹುಟ್ಟುವ ಸುದ್ದಿ ಊರಿಗೆ ತಿಳಿಯದಿರಲಿ ಎಂದಲ್ಲವಷ್ಟೆ?

ಹೀಗೆ ತತ್ವಜ್ಞಾನಿಯಾಗಿ ತಿರುಗಿ ನೋಡುತ್ತೇನೆ, ಮೇಸ್ತ್ರಿಯ ಪಟಾಲಮ್ಮು ಕಟ್ಟಡ ಸುತ್ತಿ ಹೋಗಿ ಹಿಂಬದಿಯ ಕಿಟಕಿಗೆ ಕಿವಿಯಾನಿಸಿ ನಿಂತಿದೆ! ಒಬ್ಬನಂತೂ ಅವಳಿಗೆ ಕೇಳಲೆಂದೇ ಕೆಮ್ಮುತ್ತಿದ್ದ. ಪುಟ್ಟಮಾದ ಮುಂಬಾಗಿಲು ಬಿಡುವಂತಿಲ್ಲ. ನಾನು ಕಿವಿಯ ಸಂದಿನ ಪೆನ್ಸಿಲ್ಲು ತೆಗೆದೆ, ಜೇಬಿನ ಪುಸ್ತಕ ಬಿಚ್ಚಿದೆ, ಟಿಕೆಟ್ಟು ಕೊಡುವ ಗತ್ತಿನಲ್ಲಿ ಮೊದಲನೆಯವನ ಮುಂದೆ ನಿಂತೆ.

“ಎಸ್ರು ಯೋಳಪ್ಪ. ತಂದೆ ಎಸ್ರು? ಊರು?”

“ಯಾಕ್ ಕಂಡಕ್ಟ್ರಣ್ಣ?”

“ಕಿಟ್ಕಿ ತಾವ ನಿಂತು ಕೇಳುಸ್ಕೊಂಡೋರ್ನೆಲ್ಲ ಸಾಕ್ಷಿಗೆ ಆಕ್ತಾರಂತೆ. ಏನಿಲ್ಲ, ವಾಯಿದೆ ವಾಯಿದೆಗೂ ಬಂದೋದ್ರಾಯ್ತು, ಒಂದತ್ತೊರ್ಸ.”

ನಮ್ಮ ಕಡೆಯ ಗಂಡಸು ಹಾವಿಗೆ ಹೆದರುವುದಿಲ್ಲ, ಸಾಕ್ಷಿಗೆ ಹೆದರುತ್ತಾನೆ. “ನಾನು ಬಸ್ಸಿಗೆ ಕಾಯ್ತಿದ್ದೆ ಕಣಣ್ಣ” ಎಂದನೊಬ್ಬ, ಕೋರ್ಟಿನ ಹಿತ್ತಲಲ್ಲಿ! ಕೆಮ್ಮುತ್ತಿದ್ದವನ ಕೆಮ್ಮು ಔಷಧಿಯಿಲ್ಲದೆ ವಾಸಿಯಾಯಿತು. ಅರೆಗಳಿಗೆಯಲ್ಲಿ ಕಿಟಕಿಯ ಬಳಿ ಒಂದು ಕಾಗೆಯೂ ಇರಲಿಲ್ಲ. ಆಮೇಲೆ ನಾನೂ ಹುಣಸೆಮರದವರೆಗೆ ದೂರ ಹೋಗಿ ಕೂತೆ. ಕೇಳುವ ಆಸೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ತಾಯಿ ಬಂದು ನನ್ನ ಟವೆಲ್ಲನ್ನು ಮಡಿಸಿ ಕೊಟ್ಟರು. “ಬೆಂಚ್ ಮೇಲಿತ್ತು, ಕಣ್ಣೊರ್ಸ್ಕೊಳ್ಳಕ್ಕೆ ಕೊಟ್ಟೆ. ಮಗ್ಳು ಇದ್ನೇ ಇಡ್ಕೊಂಡ್ ಮಾತಾಡ್ಬುಟ್ಲು ಕಣಣ್ಣ. ಎಲ್ಲಾನೂವೆ.” ಅದರ ಒಂದು ತುದಿ ಒದ್ದೆಯಾಗಿತ್ತು, ಹಿಂಡಿದ್ದರಿಂದ ಸುಕ್ಕಾಗಿತ್ತು. ಎರಡೂ ತಾಲ್ಲೂಕಿನ ಸಂಬಂಧವಿಲ್ಲದವರ ಪೈಕಿ ಅಂದು ಒಳಗಿದ್ದು ಪೂರ್ತಿ ಕೇಳಿದ್ದು ನನ್ನ ಟವೆಲ್ಲೊಂದೇ. ಅದು ಯಜಮಾನನ ಗುಣ ಬಿಟ್ಟು ಇಂದಿಗೂ ಯಾರಿಗೂ ಹೇಳಿಲ್ಲ.

ತೀರ್ಪನ್ನು ಮಾತ್ರ ತೆರೆದ ಬಾಗಿಲಲ್ಲೇ ಹೇಳಬೇಕಂತೆ. ಆ ದಿನ ನಾನು ಹೋದರೆ ಬೆಂಚಿನ ತುಂಬ ಗಿರಣಿಯ ಹೆಂಗಸರು. ಕೂಲಿ ಬಿಟ್ಟು ಬಂದಿದ್ದಾರೆ. ನಡುವೆ ಉಳಿದಿದ್ದ ಗೇಣಗಲ ಜಾಗಕ್ಕೆ ಅಭ್ಯಾಸಬಲದಿಂದ ಟವೆಲ್ಲು ಎಸೆದೆ. ಒಬ್ಬಾಕೆ ಎತ್ತಿ ನನ್ನ ಹೆಗಲಿಗೇ ಹಾಕಿದಳು.

“ಎತ್ಕೊಳ್ಳಿ ತಾತ. ಇಲ್ಲಿಗೆ ಆಳು ಬತ್ತದೆ.”

ಜಾಗ ಬಿಡಿಸಲೆಂದು ನನ್ನ ಟವೆಲ್ಲನ್ನು ಎತ್ತಿದ ಮೊದಲ ಪ್ರಾಣಿ! ನಾನು ಗೋಡೆಗೊರಗಿ ನಿಂತೆ. ಕೇಸಿನ ಆ ಹೆಣ್ಣುಮಗಳು ಬಂದು ಆ ಗೇಣಗಲದಲ್ಲಿ, ತನ್ನವರ ನಡುವೆ ಕೂತಳು. ಮೇಸ್ತ್ರಿಯ ಅಪರಾಧ ಸಾಬೀತಾಗಿದೆಯೆಂದು ನ್ಯಾಯಾಧೀಶರು ಸ್ಪಷ್ಟವಾಗಿ ಓದಿದರು. ಎಲ್ಲ ಮುಗಿದು ಎದ್ದಾಗ ಅವಳು ನನ್ನ ಕಡೆ ತಿರುಗಿ, ತುಟಿಯಂಚಿನಲ್ಲಿ ನಗು ಹಿಡಿದುಕೊಂಡು ಕೇಳಿದಳು:

“ಇಂದ್ಗಡೆಗೂ ಕೇಳುಸ್ತಾ ತಾತ?”

ನಾನು ತಲೆಯಾಡಿಸಿ, ಗೋಡೆಗೆ ಇನ್ನಷ್ಟು ಒತ್ತಿ ನಿಂತು ಅವಳಿಗೆ ದಾರಿ ಬಿಟ್ಟೆ. ಹೆಗಲ ಮೇಲೆ ಟವೆಲ್ಲಿತ್ತು. ಅಂದಿನಿಂದ ನಾನು ಬೆಂಚಿಗೆ ಅದನ್ನು ಹಾಕುವ ಮೊದಲು, ಆ ಜಾಗ ಯಾರಿಗಾದರೂ ಬೇಕೇ ಎಂದು ಒಮ್ಮೆ ಸುತ್ತಲೂ ನೋಡುತ್ತೇನೆ.